ಹಳೆ ವಿನ್ಯಾಸ ಸರಿ, ಹೊಸ ಅಭಾವ ಏಕೆ?

ಮುದ್ರಣದ ಕೆಲಸದವರಿಗೆ ಗಟ್ಟಿ ಕಪ್ಪು ಅಂಚು ಎಂದರೆ ತಲೆನೋವು. ಶೀಟಿನ ಮೇಲೆ ಇಂಕು ಚೆನ್ನಾಗಿಯೇ ಕೂತಿರುತ್ತದೆ, ತೊಂದರೆ ಶುರುವಾಗುವುದು ಕಟಿಂಗ್‌ಗೆ ಹೋದಾಗ. ಬ್ಲೇಡು ಒಂದಿಷ್ಟು ಮೊಂಡಾಗಿದ್ದರೂ ಅಂಚಿನ ಇಂಕು ಚಕ್ಕೆ ಏಳುತ್ತದೆ, ಒಳಗಿನ ಬಿಳಿ ರಟ್ಟು ಹಲ್ಲು ಕಿರಿಯುತ್ತದೆ. ಬಿಳಿ ಅಂಚಿನಲ್ಲಾದರೆ ಯಾರ ಕಣ್ಣಿಗೂ ಬೀಳದ ದೋಷ ಕಪ್ಪಿನಲ್ಲಿ ದೂರದಿಂದಲೇ ಎದ್ದು ಕಾಣುತ್ತದೆ.

ಅಮೆರಿಕದ ಟಾಪ್ಸ್ ಕಂಪನಿ 1971ರಲ್ಲಿ ತನ್ನ ಬೇಸ್‌ಬಾಲ್ ಕಾರ್ಡುಗಳಿಗೆ ಇಂಥ ಕಪ್ಪು ಅಂಚು ಕೊಟ್ಟಿತು. ಆ ವರ್ಷದ ಕಾರ್ಡು ಅಂಚು ಮುಕ್ಕಾಗದೆ ಇವತ್ತು ಸಿಗುವುದು ಅಪರೂಪ. 49 ವರ್ಷ ಕಳೆದ ಮೇಲೆ, 2020ರಲ್ಲಿ, ಅದೇ ಕಂಪನಿ ‘ಟಾಪ್ಸ್ ಹೆರಿಟೇಜ್’ ಎಂಬ ಹೆಸರಿನಲ್ಲಿ ಅದೇ ಕಪ್ಪು ಅಂಚನ್ನು ಮತ್ತೆ ಮುದ್ರಿಸಿತು. ಮೊದಲ ಸಲ ಆದದ್ದು ಗೊತ್ತಿದ್ದೂ ಮುದ್ರಿಸಿತು. ನನಗೆ ಈ ಕಾರ್ಡುಗಳ ಮೇಲೆ ಗೌರವ ಹುಟ್ಟಿದ್ದು ಅಲ್ಲಿಂದಲೇ.

ನಾನು ಚಾಮರಾಜಪೇಟೆಯ ಆಫ್‌ಸೆಟ್ ಪ್ರೆಸ್ಸುಗಳಲ್ಲಿ ಆಯಸ್ಸು ಸವೆಸಿದವನು. ಮದುವೆ ಕಾಗದ, ಕ್ಯಾಲೆಂಡರು, ಅಗರಬತ್ತಿ ಪೊಟ್ಟಣ, ಚುನಾವಣೆ ಬಂದರೆ ಕರಪತ್ರ, ಹೀಗೆ ಎಲ್ಲವೂ ಈ ಕೈ ದಾಟಿ ಹೋಗಿವೆ. ಮಗಳು ನ್ಯೂಜೆರ್ಸಿಯಲ್ಲಿದ್ದಾಳೆ, ಅವಳ ಮಗನಿಗೆ ಬೇಸ್‌ಬಾಲ್ ಹುಚ್ಚು. ಆ ಆಟದ ನಿಯಮಗಳು ನನಗೆ ಇನ್ನೂ ಅರ್ಧಂಬರ್ಧ. ಆದರೆ ಅವನು ಮೇಜಿನ ಮೇಲೆ ಹರಡಿಕೊಳ್ಳುವ ಕಾರ್ಡುಗಳು ನನಗೆ ಪೂರ್ತಿ ಅರ್ಥವಾಗುತ್ತವೆ. ರಟ್ಟು, ಇಂಕು, ಅಚ್ಚು, ಕತ್ತರಿ, ಇದರಲ್ಲಿ ನನಗೆ ಯಾರೂ ಟೋಪಿ ಹಾಕಲಾರರು.

ಹೆರಿಟೇಜ್ ಸರಣಿಯ ಲೆಕ್ಕ ಸರಳ. 2001ರಲ್ಲಿ ಶುರುವಾದಾಗ ಅದು ಆಗಿನ ಆಟಗಾರರನ್ನು 1952ರ ವಿನ್ಯಾಸದಲ್ಲಿ ಕೂರಿಸಿತು. ಆಮೇಲೆ ವರ್ಷಕ್ಕೊಂದು ವಿನ್ಯಾಸ, ಯಾವಾಗಲೂ 49 ವರ್ಷ ಹಿಂದಿನದು. 2011ರಲ್ಲಿ 1962ರ ಮರದ ನಾರಿನ ಚೌಕಟ್ಟು ಬಂತು, 2021ರಲ್ಲಿ 1972ರ ಢಾಳು ಬಣ್ಣ ಬಂತು, 2025ರಲ್ಲಿ 1976ರ ವಿನ್ಯಾಸ ಬಂತು. ಇದೇ ಕಂಪನಿ 2006ರಲ್ಲಿ 19ನೇ ಶತಮಾನದ ತಂಬಾಕು ಕಾರ್ಡುಗಳಾದ ‘ಅಲೆನ್ ಅಂಡ್ ಗಿಂಟರ್’ಗೂ ಮರುಜೀವ ಕೊಟ್ಟಿತು. ಅದರ ಮೂಲ ಸರಣಿ 1887ರದು. ಒಟ್ಟು 50 ಕಾರ್ಡು, ಅದರಲ್ಲಿ ಬೇಸ್‌ಬಾಲ್ ಆಟಗಾರರು 10 ಮಂದಿ ಮಾತ್ರ, ಉಳಿದವರು ಕುಸ್ತಿಪಟುಗಳು, ಬಾಕ್ಸರುಗಳು, ಆನಿ ಓಕ್ಲಿಯಂಥ ಗುರಿಕಾರರು. ಅವನ್ನು ಅಚ್ಚು ಮಾಡಿದ್ದು ಕಲ್ಲಚ್ಚಿನಲ್ಲಿ, ಬಣ್ಣಕ್ಕೊಂದು ಕಲ್ಲು. 1894ರಲ್ಲಿ ರವಿವರ್ಮ ಮುಂಬೈಯಲ್ಲಿ ಪ್ರೆಸ್ ಹಾಕಿ ನಮ್ಮ ಮನೆಗಳಿಗೆ ಲಕ್ಷ್ಮಿ, ಸರಸ್ವತಿಯರನ್ನು ಕಳಿಸಿದ್ದೂ ಇದೇ ತಂತ್ರದಲ್ಲಿ.

‘ಹೊಸದು ಹೊಳೆಯದವರು ಹಳೆಯದನ್ನು ನಕಲು ಮಾಡುತ್ತಾರೆ’ ಎಂದು ಮೂಗು ಮುರಿಯುವವರಿದ್ದಾರೆ. ನಾನು ಒಪ್ಪುವುದಿಲ್ಲ. ಚೆನ್ನಾಗಿ ನಕಲು ಮಾಡುವುದೂ ಕಸುಬೇ. 2020ರ ಒಂದು ಕಾರ್ಡನ್ನು ಕೈಗೆತ್ತಿಕೊಳ್ಳಿ. ಮೇಲ್ಭಾಗದಲ್ಲಿ ಆಟಗಾರನ ಹೆಸರು 1971ರಂತೆ ಪೂರ್ತಿ ಸಣ್ಣಕ್ಷರದಲ್ಲಿದೆ, ಫೋಟೊದ ಮೇಲೆ ಅಚ್ಚಿನ ಸಹಿ ಇದೆ. ತಿರುಗಿಸಿದರೆ ಹಿಂಬದಿಯಲ್ಲಿ ಪುಟ್ಟ ಕಪ್ಪು–ಬಿಳುಪು ಭಾವಚಿತ್ರ. ಟಾಪ್ಸ್ ಕಾರ್ಡಿನ ಹಿಂಬದಿಗೂ ಫೋಟೊ ಬಂದದ್ದು 1971ರಲ್ಲೇ ಮೊದಲು. ಬೆರಳಿಗೆ ಹೊಳಪು ಕಾಗದದ ಜಾರಿಕೆ ಸಿಗುವುದಿಲ್ಲ, ಹಳೆ ರಟ್ಟಿನ ಒರಟು ಸಿಗುತ್ತದೆ. ಯಾರೋ ಒಬ್ಬರು ಹಳೆ ಕಾರ್ಡನ್ನು ಭೂತಗನ್ನಡಿ ಹಿಡಿದು ನೋಡಿದ್ದಾರೆ, ಅದಕ್ಕೆ ಹೊಂದುವ ಅಕ್ಷರ ಹುಡುಕಿದ್ದಾರೆ, ರಟ್ಟು ಆರಿಸಿದ್ದಾರೆ. ಈ ಶ್ರದ್ಧೆಗೆ ನನ್ನ ತಕರಾರಿಲ್ಲ.

ನನ್ನ ತಕರಾರು ಬೇರೆ. ಹಳೆ ಕಾರ್ಡಿನ ರೂಪದ ಜೊತೆಗೆ ಹಳೆ ಕಾಲದ ಒಂದು ಆಕಸ್ಮಿಕವನ್ನೂ ಇವರು ನಕಲು ಮಾಡುತ್ತಿದ್ದಾರೆ, ಅದನ್ನು ವ್ಯಾಪಾರದ ನಿಯಮವನ್ನಾಗಿ ಮಾಡಿಕೊಂಡಿದ್ದಾರೆ. ಇದು ತಿಳಿಯಬೇಕಾದರೆ 1952ಕ್ಕೆ ಹೋಗಬೇಕು.

ಆ ವರ್ಷದ ಸರಣಿಯನ್ನು ರೂಪಿಸಿದ್ದು ಟಾಪ್ಸ್‌ನ ಸೈ ಬರ್ಗರ್ ಮತ್ತು ವುಡಿ ಗೆಲ್ಮನ್. ಬ್ರೂಕ್ಲಿನ್‌ನ ತಮ್ಮ ಮನೆಯ ಅಡುಗೆಕೋಣೆ ಮೇಜಿನ ಮೇಲೆ ಬರ್ಗರ್ ಕತ್ತರಿ, ರಟ್ಟು ಇಟ್ಟುಕೊಂಡು ಮಾದರಿ ತಯಾರಿಸಿದರು. ತಂಡದ ಲಾಂಛನ, ಆಟಗಾರನ ಸಹಿ, ಹಿಂದೆ ಹೋದ ವರ್ಷದ ಮತ್ತು ಒಟ್ಟಾರೆಯ ಅಂಕಿಅಂಶ, ಇಷ್ಟೂ ಒಂದೇ ಕಾರ್ಡಿನಲ್ಲಿ. ಕಪ್ಪು–ಬಿಳುಪು ಫೋಟೊಗಳಿಗೆ ಬಣ್ಣ ಹಚ್ಚಿ ಮುದ್ರಿಸಿದರು. ಮಾರಿದ್ದು ಚೂಯಿಂಗ್ ಗಮ್ ಜೊತೆ, ಮಕ್ಕಳ ಚಿಲ್ಲರೆ ಕಾಸಿಗೆ.

ಒಟ್ಟು 407 ಕಾರ್ಡು. ಎಲ್ಲವೂ ಒಟ್ಟಿಗೆ ಬರಲಿಲ್ಲ, ಕಂತು ಕಂತಾಗಿ ಬಂದವು. 311ರಿಂದ 407ರವರೆಗಿನ ಕೊನೆಯ ಕಂತು ಅಂಗಡಿಗೆ ಬರುವಷ್ಟರಲ್ಲಿ ಬೇಸ್‌ಬಾಲ್ ಋತು ಮುಗಿಯುತ್ತಾ ಬಂದಿತ್ತು. ಹುಡುಗರು ಶಾಲೆಗೆ, ಫುಟ್‌ಬಾಲಿಗೆ ಹೊರಳಿದ್ದರು. ಅಂಗಡಿಯವರು ಸರಕು ಬೇಡವೆಂದರು. ಉಳಿದ ಪೆಟ್ಟಿಗೆಗಳು ಗೋದಾಮಿನಲ್ಲಿ ವರ್ಷಗಟ್ಟಲೆ ಕೊಳೆತವು. ಕೊನೆಗೆ 1960ರಲ್ಲಿ ಅವನ್ನು ದೋಣಿಗೆ ತುಂಬಿ ನ್ಯೂಜೆರ್ಸಿ ಕರಾವಳಿಯಾಚೆ ಅಟ್ಲಾಂಟಿಕ್ ಸಾಗರಕ್ಕೆ ಸುರಿಸಿದೆನೆಂದು ಬರ್ಗರ್ ಅವರೇ ಹೇಳಿಕೊಂಡಿದ್ದಾರೆ. ಆ ಕಂತಿನ ಮೊದಲ ಕಾರ್ಡು, 311ನೆಯದು, ಮಿಕ್ಕಿ ಮ್ಯಾಂಟಲ್‌ನದು. 2022ರ ಆಗಸ್ಟ್‌ನಲ್ಲಿ ಅದರ ಒಂದು ಪ್ರತಿ 1.26 ಕೋಟಿ ಡಾಲರಿಗೆ ಹರಾಜಾಯಿತು. ಆಗಿನ ಲೆಕ್ಕದಲ್ಲಿ ಸುಮಾರು 100 ಕೋಟಿ ರೂಪಾಯಿ.

ಇದರಲ್ಲಿ ಮುದ್ರಕರಷ್ಟೇ ನಗಬಲ್ಲ ಒಂದು ತಮಾಷೆಯಿದೆ. 311ರಿಂದ 407 ಎಂದರೆ 97 ಕಾರ್ಡು. ಶೀಟಿನಲ್ಲಿ 100 ಮನೆ. ಮೂರು ಮನೆ ಖಾಲಿ ಬಿಟ್ಟರೆ ರಟ್ಟು ದಂಡ. ಹಾಗಾಗಿ ಮೂರು ಕಾರ್ಡುಗಳನ್ನು ಎರಡೆರಡು ಸಲ ಕೂರಿಸಿದರು: ಮ್ಯಾಂಟಲ್, ಜಾಕಿ ರಾಬಿನ್ಸನ್, ಬಾಬಿ ಥಾಮ್ಸನ್. ಅಂದರೆ 100 ಕೋಟಿಯ ಆ ಕಾರ್ಡು ತನ್ನ ಕಂತಿನ ಬೇರೆ ಕಾರ್ಡುಗಳ ಎರಡರಷ್ಟು ಅಚ್ಚಾಗಿತ್ತು! ಅದು ಅಪರೂಪವಾಗಲಿ ಎಂದು ಯಾರೂ ಬಯಸಿರಲಿಲ್ಲ. ಮಾರಾಟವಾಗದೆ ಉಳಿಯಿತು, ನೀರು ಪಾಲಾಯಿತು, ತಾಯಂದಿರು ಮನೆ ಗುಡಿಸುವಾಗ ಕಸಕ್ಕೆ ಎಸೆದರು, ಅಪರೂಪವಾಯಿತು.

ಈಗ 2001ರ ಮೊದಲ ಹೆರಿಟೇಜ್ ಸರಣಿ ನೋಡಿ. ಅದರಲ್ಲೂ 407 ಕಾರ್ಡು. 1952ರ ಮೊದಲ 80 ಕಾರ್ಡುಗಳ ಹಿಂಬದಿ ಕೆಲವು ಕಪ್ಪು, ಕೆಲವು ಕೆಂಪು ಅಚ್ಚಿನಲ್ಲಿದ್ದವು. ಹೊಸದರಲ್ಲೂ ಮೊದಲ 80 ಹಾಗೆಯೇ. ಇಲ್ಲಿಯವರೆಗೆ ಭಲೇ ಎನ್ನಬಹುದು. ಆದರೆ 311ರಿಂದ 407ರವರೆಗಿನ ಕಾರ್ಡುಗಳನ್ನು ಬೇಕೆಂದೇ ಕಡಿಮೆ ಮುದ್ರಿಸಿದರು. ಈ ಸಲ ಋತು ಮುಗಿದಿರಲಿಲ್ಲ, ಅಂಗಡಿಯವರು ಬೇಡವೆಂದಿರಲಿಲ್ಲ, ಯಾವ ದೋಣಿಯೂ ಸಾಗರಕ್ಕೆ ಹೋಗಿರಲಿಲ್ಲ. ಪ್ಲಾನಿಂಗ್ ಟೇಬಲ್ಲಿನ ಮೇಲೆ ಕೂತು ಅಭಾವವನ್ನು ಸೃಷ್ಟಿಸಲಾಗಿತ್ತು. ಸಂಗ್ರಾಹಕರು ಇವನ್ನು ‘ಶಾರ್ಟ್ ಪ್ರಿಂಟ್’ ಎನ್ನುತ್ತಾರೆ.

2020ರ ಸರಣಿಯಲ್ಲಿ 500 ಕಾರ್ಡು, 401ರಿಂದ 500ರವರೆಗೆ ಶಾರ್ಟ್ ಪ್ರಿಂಟ್. ಪೊಟ್ಟಣಕ್ಕೆ 9 ಕಾರ್ಡು ಇದ್ದರೆ, ಇಂಥದ್ದು ಸಿಗುವುದು ಸುಮಾರು ಮೂರು ಪೊಟ್ಟಣಕ್ಕೆ ಒಂದು. ಒಂದು ಕಾರ್ಡೂ ಮರುಕಳಿಸದಷ್ಟು ಅದೃಷ್ಟವಿದ್ದರೂ ಆ ನೂರನ್ನು ಕೂಡಿಸಲು 300 ಪೊಟ್ಟಣ ಒಡೆಯಬೇಕು. ಅಂದರೆ 100 ಕಾರ್ಡಿಗಾಗಿ 2,700 ಕಾರ್ಡು ಕೊಳ್ಳಬೇಕು. ಅಷ್ಟು ಅದೃಷ್ಟ ಯಾರಿಗೂ ಇರುವುದಿಲ್ಲ, ಹಾಗಾಗಿ ನಿಜವಾದ ಲೆಕ್ಕ ಇದಕ್ಕಿಂತ ಬಹಳ ದೊಡ್ಡದು.

ಮೊಮ್ಮಗನ ಆಲ್ಬಂ ನೋಡಿದರೆ ಇದು ಲೆಕ್ಕವಿಲ್ಲದೆಯೇ ತಿಳಿಯುತ್ತದೆ. ಹಾಳೆಗೆ ಒಂಬತ್ತು ಕಿಸೆ. ಮುಂದಿನ ಹಾಳೆಗಳು ಭರ್ತಿ, ಎಷ್ಟೋ ಆಟಗಾರರು ಎರಡು, ಮೂರು ಪ್ರತಿ ಬಂದು ಶೂ ಡಬ್ಬ ಸೇರಿದ್ದಾರೆ. 401 ದಾಟಿದ ಮೇಲೆ ಒಂದು ಹಾಳೆಯಲ್ಲಿ ಇಬ್ಬರು, ಇನ್ನೊಂದರಲ್ಲಿ ಒಬ್ಬ, ಮತ್ತೊಂದು ಪೂರ್ತಿ ಖಾಲಿ. ಖಾಲಿ ಕಿಸೆಯಲ್ಲಿ ಇರಬೇಕಾದವರೆಲ್ಲ ಮಹಾನ್ ಆಟಗಾರರೂ ಅಲ್ಲ. ಬೆಂಚಿನ ಮೇಲೆ ಕೂತು ಕಾಲ ಕಳೆದವನೂ ಆ ನಂಬರಿಗೆ ಸಿಕ್ಕಿಬಿದ್ದರೆ ದುಬಾರಿ. ‘ತಾತ, ಇವನನ್ನು ಕಡಿಮೆ ಯಾಕೆ ಪ್ರಿಂಟ್ ಮಾಡಿದರು?’ ಎಂದು ಹುಡುಗ ಕೇಳಿದ. ಮುದ್ರಕನಾಗಿ ನಾನು ಹೇಳಬಹುದಾದ ಕಾರಣ ಒಂದೂ ಇರಲಿಲ್ಲ. ಪ್ಲೇಟು ಮಾಡಿಯಾಗಿದೆ, ಮಷಿನ್ ಓಡುತ್ತಿದೆ, ಇನ್ನಷ್ಟು ಶೀಟು ಬಿಟ್ಟರೆ ಖರ್ಚಾಗುವುದು ರಟ್ಟು ಮತ್ತು ಇಂಕು ಮಾತ್ರ.

ಕಂಪನಿಯ ಪರವಾಗಿಯೂ ಒಂದು ವಾದವಿದೆ, ಅದನ್ನು ತಳ್ಳಿಹಾಕುವಂತಿಲ್ಲ. 1980ರ ದಶಕದ ಕೊನೆಗೆ ಮತ್ತು 90ರ ಶುರುವಿನಲ್ಲಿ ಕಾರ್ಡು ಕಂಪನಿಗಳು ಮಿತಿಮೀರಿ ಮುದ್ರಿಸಿದವು. ಮಕ್ಕಳ ಕಾಲೇಜು ಫೀಸಿಗಾಗುತ್ತದೆಂದು ಜನ ಡಬ್ಬಗಟ್ಟಲೆ ಕೊಂಡಿಟ್ಟರು, ಆಮೇಲೆ ಅವಕ್ಕೆ ರದ್ದಿ ಬೆಲೆಯೂ ಬರಲಿಲ್ಲ. ಸಂಗ್ರಾಹಕರೇ ಆ ಕಾಲವನ್ನು ‘ಜಂಕ್ ವ್ಯಾಕ್ಸ್’ ಯುಗ ಎಂದು ಹಂಗಿಸುತ್ತಾರೆ. ಏನೋ ಒಂದು ಅಪರೂಪದ್ದು ಇಲ್ಲದಿದ್ದರೆ ಪೊಟ್ಟಣ ಒಡೆಯುವ ಖುಷಿ ಎಲ್ಲಿ ಎಂದು ಅಂಗಡಿಯವರು ಕೇಳುತ್ತಾರೆ. ಒಪ್ಪೋಣ. ಅದಕ್ಕಾಗಿ ಆಟಗಾರರು ಕೈಯಾರೆ ಸಹಿ ಮಾಡಿದ ಕಾರ್ಡುಗಳಿವೆ, ಜೆರ್ಸಿಯ ತುಂಡು ಅಂಟಿಸಿದ ಕಾರ್ಡುಗಳಿವೆ, ಬೇರೆ ಬೇರೆ ಬಣ್ಣದ ಅಂಚಿನವೂ ಇವೆ. ಅವು ಹಬ್ಬದ ಹೋಳಿಗೆ, ಸಿಕ್ಕವರು ತಿನ್ನಲಿ. ದಿನದ ಅನ್ನಕ್ಕೂ ಪಡಿತರ ಹಾಕುವುದು ಮಾತ್ರ ಅನ್ಯಾಯ. ಮೂಲ ಸರಣಿಯ ಒಂದರಿಂದ ಐನೂರರವರೆಗಿನ ಕಾರ್ಡು ಎಲ್ಲರಿಗೂ ಸಮನಾಗಿ ಸಿಗಬೇಕು.

ಹೀಗೆ ಮಾಡಲು ಬರುವುದಿಲ್ಲವೇ? ಇದೇ ಕಂಪನಿ ಮಾಡಿ ತೋರಿಸಿದೆ. 2018ರಲ್ಲಿ ಶುರುವಾದ ‘ಟಾಪ್ಸ್ ಲಿವಿಂಗ್ ಸೆಟ್’ 1953ರ ವಿನ್ಯಾಸವನ್ನು ಮತ್ತೆ ತಂದಿತು. 1953ರ ಮೂಲ ಕಾರ್ಡುಗಳಲ್ಲಿದ್ದುದು ಕೈಯಿಂದ ಬಿಡಿಸಿದ ಚಿತ್ರಗಳು. ಹೊಸದಕ್ಕೂ ಮಯೂಮಿ ಸೆಟೊ ಎಂಬ ಕಲಾವಿದೆಯಿಂದ ಚಿತ್ರ ಬರೆಸಿದರು. ವಾರಕ್ಕೆ ಕೆಲವೇ ಕಾರ್ಡು, ಒಂದು ವಾರ ಮಾತ್ರ ಮಾರಾಟ, ಎಷ್ಟು ಜನ ಕೇಳುತ್ತಾರೋ ಅಷ್ಟೇ ಮುದ್ರಣ, ಎಷ್ಟು ಮುದ್ರಿಸಿದೆವೆಂಬ ಸಂಖ್ಯೆಯೂ ಬಹಿರಂಗ. ಒಂದು ಕಾರ್ಡು ಹೆಚ್ಚು, ಇನ್ನೊಂದು ಕಡಿಮೆ ಅಚ್ಚಾದರೆ ಅದಕ್ಕೆ ಕಾರಣ ಜನರ ಬೇಡಿಕೆ. ಆ ವಾರ ಬೇಕೆಂದವರಿಗೆ ಕಾರ್ಡು ಸಿಕ್ಕೇ ಸಿಗುತ್ತದೆ. ಜೂಜಿಲ್ಲ. ನನ್ನ ಮಟ್ಟಿಗೆ ಹಳೆ ವಿನ್ಯಾಸಕ್ಕೆ ಸಲ್ಲಿಸಿದ ನಿಜವಾದ ಗೌರವ ಇದು.

ಹೆರಿಟೇಜ್ ಇದೇ ಲೆಕ್ಕದಲ್ಲಿ ಮುಂದುವರಿದರೆ 2036ರಲ್ಲಿ 1987ರ ವಿನ್ಯಾಸಕ್ಕೆ ಬಂದು ನಿಲ್ಲುತ್ತದೆ. ಅದೂ ಮರದ ನಾರಿನ ಅಂಚು, 1962ರದ್ದನ್ನು ನೆನಪಿಸಿದರೂ ತನ್ನದೇ ಚಹರೆ ಇರುವ ವಿನ್ಯಾಸ. 1987ರ ಕಾರ್ಡುಗಳು ಅಮೆರಿಕದ ಅಟ್ಟಗಳಲ್ಲಿ ಇವತ್ತಿಗೂ ರಾಶಿ ಬಿದ್ದಿವೆ. ಆ ವರ್ಷದ ವೇಷ ಹಾಕಿಕೊಂಡು, ಅದರಲ್ಲೂ ಕೊನೆಯ ನೂರನ್ನು ಬಚ್ಚಿಟ್ಟು ಮಾರಿದರೆ ಅದು ಯಾವ ಪರಂಪರೆಗೆ ನಿಷ್ಠೆ? ಪ್ರತಿ ಗೂಡಂಗಡಿಯಲ್ಲೂ ಕೈಗೆ ಸಿಗುತ್ತಿದ್ದುದೇ 1987ರ ಗುಣ.

2022ರ ಜನವರಿಯಲ್ಲಿ ಟಾಪ್ಸ್‌ನ ಕಾರ್ಡು ವ್ಯವಹಾರ ಫನಾಟಿಕ್ಸ್ ಕಂಪನಿಯ ಕೈಸೇರಿತು. ತೀರ್ಮಾನ ಬದಲಿಸಲು ಮಾಲೀಕರಿಗೆ ಹೊಸ ಯಂತ್ರ ಬೇಡ, ಹೊಸ ವಿನ್ಯಾಸಕಾರ ಬೇಡ. 401ರಿಂದ 500ರವರೆಗಿನ ಶೀಟುಗಳನ್ನು ಉಳಿದ ಶೀಟುಗಳಷ್ಟೇ ಓಡಿಸಿದರೆ ಸಾಕು. ಕಪ್ಪು ಅಂಚಿನ ತೊಂದರೆಯನ್ನು ಪ್ರಾಮಾಣಿಕವಾಗಿ ಒಪ್ಪಿಕೊಂಡವರಿಗೆ ಇದು ಕಷ್ಟದ ಕೆಲಸವಲ್ಲ.

ಇದು ಅಮೆರಿಕದ ಮಾತು, ನಮಗೇನು ಎನ್ನಬೇಡಿ. ಇದೇ ಟಾಪ್ಸ್ ನಮ್ಮ ಮಕ್ಕಳಿಗೆ ಐಪಿಎಲ್ ಆಟಗಾರರ ‘ಕ್ರಿಕೆಟ್ ಅಟ್ಯಾಕ್ಸ್’ ಕಾರ್ಡುಗಳನ್ನು ಮಾರಿದೆ. ಅಲ್ಲೂ ಪೊಟ್ಟಣದೊಳಗೆ ಏನಿದೆಯೆಂದು ಕಾಣುವುದಿಲ್ಲ. ಅಲ್ಲೂ ಅಪರೂಪದ ಕಾರ್ಡಿನ ಆಸೆಗೆ ಮಕ್ಕಳು ಪೊಟ್ಟಣದ ಮೇಲೆ ಪೊಟ್ಟಣ ಕೇಳುತ್ತಾರೆ. ನ್ಯೂಜೆರ್ಸಿಯಲ್ಲಿರಲಿ, ಬೆಂಗಳೂರಲ್ಲಿರಲಿ, ತಂದೆ–ತಾಯಿಗಳಿಗೆ ನನ್ನದೊಂದು ಮಾತು. ಮಗುವಿಗೆ ಕಾರ್ಡು ಕೊಡಿಸಿ, ಅದು ಒಳ್ಳೆಯ ಹವ್ಯಾಸ. ಅಚ್ಚಿನ ಕೆಲಸವನ್ನು ಗಮನಿಸುವ ಕಣ್ಣು ಅದರಿಂದ ಬರುತ್ತದೆ. ಅಮೆರಿಕದ ಪೊಟ್ಟಣಗಳ ಮೇಲೆ ಯಾವ ವಿಶೇಷ ಕಾರ್ಡು ಎಷ್ಟು ಪೊಟ್ಟಣಕ್ಕೆ ಒಂದು ಎಂಬ ಪಟ್ಟಿ ಸಣ್ಣ ಅಕ್ಷರದಲ್ಲಿರುತ್ತದೆ. ಕೊಳ್ಳುವ ಮುಂಚೆ ಅದನ್ನು ಮಗುವಿನಿಂದಲೇ ಓದಿಸಿ, ಲೆಕ್ಕವನ್ನೂ ಮಗುವಿನಿಂದಲೇ ಹಾಕಿಸಿ. ಆಮೇಲೆ ಬೇಕಾದ ಕಾರ್ಡನ್ನು ಬಿಡಿಯಾಗಿ ಕೊಂಡುಕೊಳ್ಳಿ, ಇಲ್ಲವೇ ಸ್ನೇಹಿತರ ಜೊತೆ ಅದಲು ಬದಲು ಮಾಡಿಕೊಳ್ಳಲು ಹೇಳಿ. ಪೊಟ್ಟಣಗಳ ಮಾರಾಟ ಇಳಿದರೆ ಮಾತ್ರ ಕಂಪನಿ ಆ ನೂರು ಕಾರ್ಡುಗಳನ್ನು ಸಮನಾಗಿ ಮುದ್ರಿಸುತ್ತದೆ.