ಸಹಿ ಮೊದಲು, ಚರ್ಚೆ ಆಮೇಲೆ

ಕನಕಪುರ ರಸ್ತೆಯೋ, ನೆಲಮಂಗಲದ ಕಡೆಯೋ? ಬೆಂಗಳೂರಿನ ಎರಡನೇ ವಿಮಾನ ನಿಲ್ದಾಣದ ಮಾತೆಲ್ಲ ಜಾಗದ ಸುತ್ತಲೇ ಗಿರಕಿ ಹೊಡೆಯುತ್ತಿದೆ. ರಿಯಲ್ ಎಸ್ಟೇಟ್‌ನವರಿಗೆ ಅದಕ್ಕಿಂತ ದೊಡ್ಡ ಪ್ರಶ್ನೆ ಇಲ್ಲ, ನಿಜ. ಆದರೆ ಈ ಚರ್ಚೆಯ ಲಗಾಮು ಇರುವುದು 2004ರ ಜುಲೈನಲ್ಲಿ ಕೇಂದ್ರ ಸರ್ಕಾರ ಮತ್ತು ದೇವನಹಳ್ಳಿ ನಿಲ್ದಾಣ ನಡೆಸುವ ಕಂಪನಿ ಬಿಐಎಎಲ್ ಮಾಡಿಕೊಂಡ ಒಪ್ಪಂದದಲ್ಲಿ. ದೇವನಹಳ್ಳಿ ನಿಲ್ದಾಣ ಶುರುವಾದ ಮೇಲೆ 25 ವರ್ಷ, 150 ಕಿ.ಮೀ. ವ್ಯಾಪ್ತಿಯಲ್ಲಿ ಅದಕ್ಕೆ ಪೈಪೋಟಿ ಕೊಡುವ ನಿಲ್ದಾಣ ಬರುವಂತಿಲ್ಲ. ಮೈಸೂರು, ಹಾಸನಕ್ಕೆ ಮಾತ್ರ ವಿನಾಯಿತಿ. ಗಡುವು ಮುಗಿಯುವುದು 2033ರಲ್ಲಿ.

ಈ ಷರತ್ತನ್ನು ಬರೀ ದುರಾಸೆ ಎಂದು ತಳ್ಳಿಹಾಕಲಾಗದು. ಊರಿನಿಂದ ಅಷ್ಟು ದೂರ, ಹೊಲಗಳ ನಡುವೆ ಕೋಟಿಗಟ್ಟಲೆ ಸುರಿಯುವವರು ಭದ್ರತೆ ಕೇಳಿಯೇ ಕೇಳುತ್ತಾರೆ. ಕೇಳುವುದು ಅವರ ಧರ್ಮ. ಎಷ್ಟು ಕೊಡಬೇಕು ಎಂದು ಲೆಕ್ಕ ಹಾಕಬೇಕಾದದ್ದು ಸರ್ಕಾರ. ಆ ಲೆಕ್ಕ ಎಷ್ಟು ಸಡಿಲವಾಗಿತ್ತೆಂದರೆ, ನಿಲ್ದಾಣ ಕಟ್ಟುತ್ತಿರುವಾಗಲೇ ಪ್ರಯಾಣಿಕರ ಅಂದಾಜು ಮೀರಿ ನಕ್ಷೆಯನ್ನು ಹಿಗ್ಗಿಸಬೇಕಾಯಿತು. ಈಗ ಅಲ್ಲಿ ವರ್ಷಕ್ಕೆ 4 ಕೋಟಿಗೂ ಹೆಚ್ಚು ಜನ ಹತ್ತಿಳಿಯುತ್ತಾರೆ. ಪ್ರಯಾಣಿಕರ ಸಂಖ್ಯೆ ಇಂತಿಷ್ಟು ದಾಟಿದರೆ ಷರತ್ತು ತಾನಾಗಿ ಬೀಳಬೇಕು ಎಂಬ ಒಂದು ಸಾಲು ಅಂದೇ ಸೇರಿದ್ದರೆ, ಇಂದು ಕ್ಯಾಲೆಂಡರ್ ನೋಡುತ್ತ ಕೂರುವ ಪ್ರಮೇಯವಿರುತ್ತಿರಲಿಲ್ಲ.

2008ರ ಮೇನಲ್ಲಿ ದೇವನಹಳ್ಳಿ ನಿಲ್ದಾಣ ಶುರುವಾಗಿ, ಹಳೆಯ ಎಚ್‌ಎಎಲ್ ನಿಲ್ದಾಣಕ್ಕೆ ವಾಣಿಜ್ಯ ಪ್ರಯಾಣಿಕ ವಿಮಾನಗಳು ಬರುವುದು ನಿಂತಾಗ ಊರು ಗಲಾಟೆ ಮಾಡಿತು. ಅಷ್ಟರಲ್ಲಿ ಸಹಿಗೆ ಸುಮಾರು ನಾಲ್ಕು ವರ್ಷ ವಯಸ್ಸಾಗಿತ್ತು. ಈಚೆಗೆ, 2024ರ ಜೂನ್‌ನಲ್ಲಿ, ತಮಿಳುನಾಡು ಮುಖ್ಯಮಂತ್ರಿ ಎಂ.ಕೆ. ಸ್ಟಾಲಿನ್ ಹೊಸೂರಿನಲ್ಲಿ 2,000 ಎಕರೆಯಲ್ಲಿ ನಿಲ್ದಾಣ ಕಟ್ಟುವುದಾಗಿ ಘೋಷಿಸಿದರು. ಅವರಿಗೂ ಎದುರಾಗಿರುವುದು ಅದೇ 150 ಕಿ.ಮೀ. ಗೆರೆ. ಒಪ್ಪಂದಕ್ಕೆ ಸಹಿಯನ್ನೇ ಹಾಕದ ರಾಜ್ಯಕ್ಕೂ ಅದೇ ಅಡ್ಡಿ!

ಇನ್ನೊಂದು ತೊಡಕಿನ ಬಗ್ಗೆ ಮಾತು ಕಡಿಮೆ. ಬಿಐಎಎಲ್‌ನಲ್ಲಿ ರಾಜ್ಯದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿಗೆ ಶೇ 13, ಕೇಂದ್ರದ ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ಶೇ 13 ಪಾಲಿದೆ. ಸುಮಾರು 4,000 ಎಕರೆ ಭೂಮಿಯೂ ರಾಜ್ಯ ಕೊಟ್ಟದ್ದೇ. ಅಂದರೆ ಪೈಪೋಟಿ ಇಲ್ಲದಿದ್ದರೆ ಲಾಭ ಸರ್ಕಾರಕ್ಕೂ ಇದೆ. ಪೈಪೋಟಿ ತರಬೇಕಾದದ್ದೂ ಅದೇ ಸರ್ಕಾರ. ಪಾಲುದಾರನೇ ಪಂಚಾಯಿತಿಕಟ್ಟೆಯಲ್ಲಿ ಕೂತರೆ ಪ್ರಯಾಣಿಕರ ಪರ ಮಾತಾಡುವವರು ಯಾರು?

ಒಪ್ಪಂದವಾದ ಮೇಲೆ ಕೂಗಾಡಿ ಪ್ರಯೋಜನವಿಲ್ಲ ಎನ್ನುವುದಕ್ಕೆ ಬೆಂಗಳೂರು–ಮೈಸೂರು ಹೆದ್ದಾರಿಯ ನೈಸ್ ಯೋಜನೆಯೇ ಸಾಕ್ಷಿ. 1997ರಲ್ಲಿ ಅದಕ್ಕೆ ಸಹಿ ಹಾಕಿದ ರಾಜ್ಯವೇ ಮುಂದೆ ಭೂಮಿ ಹೆಚ್ಚಾಯಿತೆಂದು ತಕರಾರು ತೆಗೆಯಿತು. 2006ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಂದವನ್ನೇ ಎತ್ತಿಹಿಡಿಯಿತು. ಯೋಜನೆಯ ತನಿಖೆಗೆ ಸದನ ಸಮಿತಿ ಕೂತದ್ದು ಅದಾದ ಎಷ್ಟೋ ವರ್ಷಕ್ಕೆ.

ಈಗ ಹೆಬ್ಬಾಳದಿಂದ ಸಿಲ್ಕ್ ಬೋರ್ಡ್‌ವರೆಗಿನ ಸುರಂಗ ರಸ್ತೆಗೂ ಖಾಸಗಿ ಬಂಡವಾಳದ ಯೋಜನೆ ಇದೆ. ಟೋಲ್ ಎಷ್ಟು ವರ್ಷ, ವಾಹನಗಳು ಕಡಿಮೆಯಾದರೆ ನಷ್ಟ ಯಾರ ತಲೆಗೆ, ಪಕ್ಕದಲ್ಲಿ ಮೆಟ್ರೊ ಮಾರ್ಗ ಬಂದರೆ ಪರಿಹಾರ ಕೊಡಬೇಕೇ ಎಂಬುದನ್ನೆಲ್ಲ ಒಪ್ಪಂದದ ಕರಡಿನ ಸಮೇತ, ಸಹಿಗೆ ಮೊದಲು ವಿಧಾನಸಭೆಯ ಮುಂದಿಡಬೇಕು.