ಹೆಲ್ಪ್ ಪೇಜು ಹೇಳುವುದು ಒಂದು, ಕೋಡು ಮಾಡುವುದು ಇನ್ನೊಂದು

ಚೆನ್ನೈನ ಐಸಿಎಂಆರ್ ರಾಷ್ಟ್ರೀಯ ಸಾಂಕ್ರಾಮಿಕ ರೋಗಶಾಸ್ತ್ರ ಸಂಸ್ಥೆಯ ನಿರ್ದೇಶಕರಿಗೆ ಬಹಿರಂಗ ಪತ್ರ



2020ರ ಮೇ–ಜೂನ್‌ನಲ್ಲಿ ನಿಮ್ಮ ಸಂಸ್ಥೆ ಮುಂದೆ ನಿಂತು ನಡೆಸಿದ ಮೊದಲ ರಾಷ್ಟ್ರೀಯ ಕೋವಿಡ್ ಸೀರೋ ಸಮೀಕ್ಷೆಯಲ್ಲಿ 21 ರಾಜ್ಯಗಳ 70 ಜಿಲ್ಲೆಗಳಿಂದ 28,000 ವಯಸ್ಕರ ರಕ್ತ ಪರೀಕ್ಷೆಯಾಯಿತು. ಬೆಂಗಳೂರು ನಗರ, ಕಲಬುರಗಿ, ಚಿತ್ರದುರ್ಗ ಆ ಪಟ್ಟಿಯಲ್ಲಿದ್ದವು. ಈ ಪತ್ರ ಕನ್ನಡದಲ್ಲಿರುವುದಕ್ಕೆ ಅಷ್ಟು ನೆಪ ಸಾಕು. ಸೋಂಕು ತಗಲಿದವರ ಪ್ರಮಾಣವೆಂದು ಕೊನೆಗೆ ಹೊರಬಂದ ಅಂಕಿ ಶೇ. 0.73. ಅದರ ಆಧಾರದ ಮೇಲೆ ಮೇ ತಿಂಗಳ ಆರಂಭದ ಹೊತ್ತಿಗೆ ದೇಶದ 64 ಲಕ್ಷ ವಯಸ್ಕರಿಗೆ ಸೋಂಕು ತಗಲಿರಬಹುದೆಂದು ಅಂದಾಜಿಸಲಾಯಿತು. ಅಂದರೆ ದಶಾಂಶ ಬಿಂದುವಿನ ಬಲಗಡೆಯ ಮೊದಲ ಅಂಕಿ ಒಂದರಷ್ಟು ಅಲುಗಾಡಿದರೆ ಇತ್ತ ಸುಮಾರು 9 ಲಕ್ಷ ಜನ ಹೆಚ್ಚುಕಡಿಮೆಯಾಗುತ್ತಾರೆ. ಆ ಲೆಕ್ಕದಲ್ಲಿ ತಪ್ಪಿದೆ ಎಂದು ನಾನು ಹೇಳುತ್ತಿಲ್ಲ. ಇಷ್ಟು ಸಣ್ಣ ಅಂಕಿಗೆ ಇಷ್ಟು ದೊಡ್ಡ ಭಾರ ಬೀಳುವ ಕಡೆ, ಲೆಕ್ಕ ಮಾಡುವ ಸಾಫ್ಟ್‌ವೇರಿನ ಹೆಲ್ಪ್ ಪೇಜು ಸರಿಯಿದೆಯೇ ಎಂಬುದು ಕಚೇರಿಯ ಕೆಳಹಂತಕ್ಕೆ ಬಿಟ್ಟುಬಿಡುವ ವಿಷಯವಲ್ಲ ಎಂದಷ್ಟೇ ಹೇಳಲು ಹೊರಟಿದ್ದೇನೆ.

ಆ 0.73 ನೇರವಾಗಿ ಎಣಿಸಿ ಸಿಕ್ಕಿದ್ದಲ್ಲ. ಜನಸಂಖ್ಯೆಯ ತೂಕ ಕೊಟ್ಟು, ಪರೀಕ್ಷೆಯ ಗುಣದೋಷಕ್ಕೆ ತಕ್ಕಂತೆ ತಿದ್ದಿ ತೆಗೆದದ್ದು. ಸೋಂಕು ತಗಲಿದವರನ್ನು ಹಿಡಿಯುವ ಶಕ್ತಿ ಸೆನ್ಸಿಟಿವಿಟಿ, ತಗಲದವರನ್ನು ಬಿಟ್ಟುಬಿಡುವ ಶಕ್ತಿ ಸ್ಪೆಸಿಫಿಸಿಟಿ. ಇವೆರಡನ್ನೂ ಬಳಸಿ ತಿದ್ದುವ ಸರಳ ಸೂತ್ರವನ್ನು ರೋಗನ್ ಮತ್ತು ಗ್ಲಾಡೆನ್ 1978ರಲ್ಲಿ ಕೊಟ್ಟರು. ನಿಮ್ಮಲ್ಲಿ ತರಬೇತಿಗೆ ಬರುವ ಯಾರಿಗೂ ಅದು ಹೊಸದಲ್ಲ. ಅದನ್ನೇ ‘ಆರ್’ ಎಂಬ ಸಂಖ್ಯಾಶಾಸ್ತ್ರದ ಪ್ರೋಗ್ರಾಮಿಂಗ್ ಭಾಷೆಯ ಒಂದು ಪುಟ್ಟ ಫಂಕ್ಷನ್ ಆಗಿ ಯಾರೋ ಬರೆದಿದ್ದಾರೆ ಎಂದುಕೊಳ್ಳಿ. ಸಾವಿರ ಜನರಲ್ಲಿ 15 ಪಾಸಿಟಿವ್, ಸೆನ್ಸಿಟಿವಿಟಿ 0.92, ಸ್ಪೆಸಿಫಿಸಿಟಿ 0.99 ಎಂದು ಕೊಟ್ಟರೆ ಉತ್ತರ ಶೇ. 0.55. ಬರೆದವರು ನಡುವೆ ಎಂದೋ ಕೊನೆಯ ಈ ಎರಡು ಆರ್ಗ್ಯುಮೆಂಟುಗಳ ಕ್ರಮ ಅದಲುಬದಲು ಮಾಡಿದರು, ಹೆಲ್ಪ್ ಪೇಜನ್ನು ಮುಟ್ಟಲಿಲ್ಲ. ಪುಟ ನೋಡಿಕೊಂಡು ಅದೇ ಕ್ರಮದಲ್ಲಿ ಅಂಕಿ ತುಂಬಿದವರಿಗೆ ಈಗ ಬರುವ ಉತ್ತರ ಶೇ. ಮೈನಸ್ 7ರ ಆಸುಪಾಸು. ಮೈನಸ್ ಕಂಡರೆ ಯಾರಾದರೂ ಬೆಚ್ಚಿಬಿದ್ದು ಹುಡುಕುತ್ತಾರೆ. ಆದರೆ ಪ್ರಮಾಣ ಸೊನ್ನೆಗಿಂತ ಕೆಳಗಿಳಿಯಬಾರದೆಂದು ಫಂಕ್ಷನ್ನಿನ ಒಳಗೆ ಒಂದು ಸಾಲು ಇರುವುದು ವಾಡಿಕೆ. ಆಗ ತೆರೆಯ ಮೇಲೆ ಮೂಡುವುದು ಶುದ್ಧ ಸೊನ್ನೆ. ಜಿಲ್ಲೆಯಲ್ಲಿ ಸೋಂಕೇ ಇಲ್ಲ.

ಈ ಅನಾಹುತವನ್ನು ಮೊದಲೇ ಕೂಗಿ ಹೇಳುವ ಕಾವಲುಗಾರ ಆರ್ ಜೊತೆಗೇ ಬರುತ್ತಾನೆ. ಫಂಕ್ಷನ್‌ಗಳ ಕಟ್ಟಾದ ಪ್ಯಾಕೇಜನ್ನು ಬಿಡುಗಡೆ ಮಾಡುವ ಮುನ್ನ ಓಡಿಸುವ ಆ ಚೆಕ್, ಕಂಡದ್ದನ್ನು ಎರರ್, ವಾರ್ನಿಂಗ್, ನೋಟ್ ಎಂದು ಮೂರು ದರ್ಜೆಯಲ್ಲಿ ವರದಿ ಮಾಡುತ್ತದೆ. ಮೇಲಿನ ಉದಾಹರಣೆಯಲ್ಲಿ ಅದು ಹೇಳುವ ಮಾತು ಹೆಚ್ಚುಕಡಿಮೆ ಹೀಗಿರುತ್ತದೆ: ಮೂರನೆಯ ಸ್ಥಾನದಲ್ಲಿ ಕೋಡು ಒಂದು ಹೆಸರು ಹೇಳುತ್ತಿದೆ, ಡಾಕ್ಯುಮೆಂಟು ಇನ್ನೊಂದು ಹೇಳುತ್ತಿದೆ. ವಿವರಿಸದೆ ಬಿಟ್ಟ ಆರ್ಗ್ಯುಮೆಂಟು, ಪುಟದಲ್ಲಿ ಒಂದು ಕೋಡಿನಲ್ಲಿ ಇನ್ನೊಂದು ಇರುವ ಡಿಫಾಲ್ಟ್ ಬೆಲೆ, ಬಳಕೆದಾರರಿಗೆ ತೆರೆದಿಟ್ಟರೂ ಪುಟವೇ ಇಲ್ಲದ ಫಂಕ್ಷನ್, ಎಲ್ಲಿಗೂ ಹೋಗದ ಕೊಂಡಿ, ಇವನ್ನೂ ಅದು ಹಿಡಿಯುತ್ತದೆ. ಎಚ್ಚರಿಕೆಯ ಸ್ವಭಾವವನ್ನು ಗಮನಿಸಿ. ‘ಡಾಕ್ಯುಮೆಂಟು ತಪ್ಪು’ ಎಂದು ಅದು ಎಲ್ಲೂ ತೀರ್ಪು ಕೊಡುವುದಿಲ್ಲ. ಎರಡು ಹೇಳಿಕೆ ತಾಳೆಯಾಗುತ್ತಿಲ್ಲ ಎನ್ನುತ್ತದೆ, ಅಷ್ಟೆ. ಯಾವುದು ಸರಿ ಎಂದು ತೀರ್ಮಾನಿಸಲು ವಿಷಯ ಬಲ್ಲ ಮನುಷ್ಯನೇ ಕೂರಬೇಕು. ಡಾಕ್ಯುಮೆಂಟೇಶನ್ ವಾರ್ನಿಂಗ್ ತಿದ್ದುವುದನ್ನು ಬೆರಳಚ್ಚಿನ ತಪ್ಪು ತಿದ್ದುವ ಕೆಲಸವೆಂದು ತಿಳಿದವರು ಮರೆಯುವುದು ಇದನ್ನೇ. ಪುಟದಲ್ಲಿ ಬರೆದದ್ದು ಸಂಶೋಧಕರ ಉದ್ದೇಶ, ಕೋಡು ಮಾಡುತ್ತಿರುವುದು ವಾಸ್ತವ ಎಂದಾದಾಗ ತಿದ್ದಬೇಕಾದದ್ದು ಕೋಡು.

ಆರ್ ಪ್ಯಾಕೇಜುಗಳ ಕ್ರ್ಯಾನ್ ಎಂಬ ಸಾರ್ವಜನಿಕ ಭಂಡಾರ 1997ರಲ್ಲಿ ವಿಯೆನ್ನಾದಲ್ಲಿ ಶುರುವಾಯಿತು. ಇಂದು ಅಲ್ಲಿ 20,000ಕ್ಕೂ ಮಿಕ್ಕಿ ಪ್ಯಾಕೇಜುಗಳಿವೆ. ಎರರ್ ಅಥವಾ ವಾರ್ನಿಂಗ್ ಇಟ್ಟುಕೊಂಡು ಬಂದ ಪ್ಯಾಕೇಜಿಗೆ ಅಲ್ಲಿ ಬಾಗಿಲು ತೆರೆಯುವುದಿಲ್ಲ. ಒಳಗೆ ಹೋದಮೇಲೂ ಹೊಸ ದೋಷ ಕಂಡು, ಗಡುವಿನೊಳಗೆ ತಿದ್ದದಿದ್ದರೆ ಪ್ಯಾಕೇಜು ಆರ್ಕೈವಿಗೆ ಹೋಗುತ್ತದೆ. ಇದು ಅತಿಯಾದ ಮಡಿ ಎಂದು ಗೊಣಗುವವರಿದ್ದಾರೆ. ಗೊಣಗಾಟದಲ್ಲಿ ಸ್ವಲ್ಪ ನ್ಯಾಯವೂ ಇದೆ. ಕೋಡಿನೊಳಗೆ ‘ಚಿತ್ರದುರ್ಗ’ ಎಂದು ಕನ್ನಡ ಅಕ್ಷರದಲ್ಲಿ ಬರೆದರೆ ಚೆಕ್ ತಕರಾರು ತೆಗೆಯುತ್ತದೆ. ಹೆಲ್ಪ್ ಪೇಜಿನಲ್ಲಿ ಬರೆದರೆ ಪಿಡಿಎಫ್ ಕೈಪಿಡಿ ಕಟ್ಟುವಾಗ ಮುಗ್ಗರಿಸುತ್ತದೆ. ತಮಿಳಿಗೂ ಅದೇ ಗತಿ. ನಮ್ಮ ಲಿಪಿಗಳಿಗೆ ಈ ಸಲಕರಣೆ ಇನ್ನೂ ಒಗ್ಗಿಲ್ಲ, ಆ ವಾರ್ನಿಂಗ್ ನಮ್ಮ ತಪ್ಪಿನಿಂದ ಬಂದದ್ದಲ್ಲ. ಆದರೆ ಅಂಥ ನಾಲ್ಕನ್ನು ತೋರಿಸಿ ಉಳಿದ ನಲವತ್ತನ್ನು ತಳ್ಳಿಹಾಕುವುದು ಸರಿಯಲ್ಲ.

ಹಾಗಾಗಿ ನನ್ನ ಕೋರಿಕೆ. ಸಾರ್ವಜನಿಕ ಹಣದಲ್ಲಿ ನಿಮ್ಮ ಸಂಸ್ಥೆಯಲ್ಲಿ ಸಿದ್ಧವಾಗುವ ಆರ್ ಪ್ಯಾಕೇಜು ಯಾವುದೇ ಇರಲಿ, ಕ್ರ್ಯಾನ್‌ಗೆ ಹೋಗಲಿ, ಪಕ್ಕದ ವಿಭಾಗಕ್ಕೆ ಪೆನ್‌ಡ್ರೈವಿನಲ್ಲಿ ಹೋಗಲಿ, ಡಾಕ್ಯುಮೆಂಟೇಶನ್ ವಾರ್ನಿಂಗುಗಳು ತೀರಿದ ಮೇಲೆಯೇ ಹೊರಡಲಿ. ಅದಕ್ಕೆ ತಗಲುವ ದಿನಗಳನ್ನು ಪ್ರಾಜೆಕ್ಟಿನ ವೇಳಾಪಟ್ಟಿಯಲ್ಲಿ ಕೆಲಸವೆಂದೇ ನಮೂದಿಸುವಂತಾಗಲಿ.

ಒಳಬಳಕೆಯ ಪ್ಯಾಕೇಜಿಗೆ ಇಷ್ಟೆಲ್ಲ ಏಕೆ ಎಂಬ ಪ್ರಶ್ನೆ ಮೊದಲು ಬರುತ್ತದೆ. ಒಳಬಳಕೆಯದಕ್ಕೇ ಹೆಚ್ಚು ಬೇಕು ಎಂಬುದು ನನ್ನ ಉತ್ತರ. ಕ್ರ್ಯಾನ್‌ನಲ್ಲಿರುವ ಪ್ಯಾಕೇಜಿನ ತಪ್ಪನ್ನು ಲೋಕದ ಯಾವುದೋ ಮೂಲೆಯ ಅಪರಿಚಿತರೊಬ್ಬರು ಕಂಡುಹಿಡಿದಾರು. ಒಳಗಿನದಕ್ಕೆ ಆ ಭಾಗ್ಯವಿಲ್ಲ. ನಮ್ಮ ದೇಶದ ಸಂಶೋಧನಾ ಸಂಸ್ಥೆಗಳಲ್ಲಿ ಇಂಥ ಕೋಡು ಬರೆಯುವವರಲ್ಲಿ ಬಹಳಷ್ಟು ಮಂದಿ ಗುತ್ತಿಗೆಯ ಪ್ರಾಜೆಕ್ಟ್ ಸಿಬ್ಬಂದಿ. ಪ್ರಾಜೆಕ್ಟು ಮುಗಿದ ದಿನ ಅವರು ಹೊರಟರೆ ಅವರ ತಲೆಯಲ್ಲಿದ್ದದ್ದೂ ಹೊರಡುತ್ತದೆ. ಪ್ರಬಂಧಕ್ಕೆ ಸಿಗುವ ಬೆಲೆ ಹೆಲ್ಪ್ ಪೇಜಿಗೆ ಸಿಗದು, ಸಮಯ ಎಲ್ಲಿಂದ ತರುವುದು ಎಂಬ ಎರಡನೆಯ ಆಕ್ಷೇಪ ನಿಜವಾದದ್ದು. ಅದಕ್ಕೇ ಈ ಪತ್ರ ಕೋಡು ಬರೆಯುವ ಹುಡುಗ ಹುಡುಗಿಯರಿಗಲ್ಲ, ನಿಮಗೆ. ಯಾವುದನ್ನು ಕೆಲಸವೆಂದು ಎಣಿಸಬೇಕು ಎಂಬುದು ನಿಮ್ಮ ಕೈಯಲ್ಲಿದೆ. ಫಂಕ್ಷನ್ನಿನ ತಲೆಯ ಮೇಲೆಯೇ ವಿವರಣೆ ಬರೆದು ರಾಕ್ಸಿಜನ್ ಎಂಬ ಸಲಕರಣೆಯಿಂದ ಪುಟ ತೆಗೆಯುವ ಅಭ್ಯಾಸವಿದ್ದು, ವಾರಕ್ಕೊಮ್ಮೆ ಚೆಕ್ ಓಡಿಸಿದರೆ ಒಂದೊಂದು ಸಲಕ್ಕೆ ಬರುವುದು ಎರಡೋ ಮೂರೋ ವಾರ್ನಿಂಗು. ಬಿಡುಗಡೆಯ ಹಿಂದಿನ ರಾತ್ರಿಗೆ ಉಳಿಸಿಕೊಂಡವರಿಗೆ ಮಾತ್ರ ಅದು ಬೆಟ್ಟವಾಗಿ ಕಾಣುವುದು.

ಬೆಟ್ಟವಾದಾಗ ಏನಾಗುತ್ತದೆ ಎಂಬುದೇ ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪಕ್ಕೆ ದಾರಿ. ‘ವಾರ್ನಿಂಗ್ ಸೊನ್ನೆ’ ಎಂದು ಆದೇಶ ಹೊರಡಿಸಿದರೆ ಸೊನ್ನೆ ಸಿಗುತ್ತದೆ, ಗುಣ ಸಿಗುವುದಿಲ್ಲ. ‘ಸೆನ್ಸಿಟಿವಿಟಿ: ಸೆನ್ಸಿಟಿವಿಟಿಯ ಬೆಲೆ’ ಎಂದು ಒಂದು ಸಾಲು ಗೀಚಿದರೆ ಚೆಕ್ ತೃಪ್ತಿಪಡುತ್ತದೆ. ಅದು 0.92 ಎಂದು ಕೊಡಬೇಕೋ 92 ಎಂದೋ ಎಂಬುದನ್ನು ಆ ಸಾಲು ಹೇಳದು, ಚೆಕ್ ಕೇಳದು. ಪುಟ ಬರೆಯುವುದು ಬೇಡವೆಂದು ಫಂಕ್ಷನ್ನನ್ನೇ ಬಳಕೆದಾರರಿಗೆ ತೆರೆದಿಡುವ ಪಟ್ಟಿಯಿಂದ ಅಳಿಸಿದರೂ ವಾರ್ನಿಂಗ್ ಮಾಯ. ಚೆಕ್ ನೋಡುವುದು ಪುಟದ ಚೌಕಟ್ಟನ್ನು, ಸತ್ಯವನ್ನಲ್ಲ. ಇದನ್ನು ನಾನು ಪೂರ್ತಿ ಒಪ್ಪುತ್ತೇನೆ. ಈಗ ಎಐಗೆ ಹೇಳಿದರೆ ನಿಮಿಷದಲ್ಲಿ ಎಲ್ಲ ಪುಟ ಬರೆದುಕೊಡುತ್ತದೆ ಎನ್ನುವವರಿಗೂ ಇದೇ ಜಾಗದಲ್ಲಿ ಉತ್ತರವಿದೆ. ಕೋಡನ್ನು ಓದಿ ಅದು ಪುಟ ಬರೆಯುತ್ತದೆ. ಕೋಡಿನಲ್ಲಿ ಕ್ರಮ ತಪ್ಪಿದ್ದರೆ ಆ ತಪ್ಪನ್ನೇ ಸೊಗಸಾದ ವಾಕ್ಯಗಳಲ್ಲಿ ವಿವರಿಸುವ ಸಂಭವವೇ ಹೆಚ್ಚು. ಎರಡು ಹೇಳಿಕೆಗಳ ನಡುವಿನ ಜಗಳ ತೀರಿತು, ಆದರೆ ಸುಳ್ಳು ಹೇಳಿದವನ ಪರವಾಗಿ. ಕರಡಿಗೆ ಎಐ ಬಳಸಬಾರದು ಎಂದಲ್ಲ. ಉದ್ದೇಶವೇನೆಂದು ಬಲ್ಲವರು ಸಾಲುಸಾಲಾಗಿ ಓದಿ ಸಹಿ ಹಾಕಬೇಕು.

ಆದ್ದರಿಂದ ಆದೇಶದಲ್ಲಿ ಸೊನ್ನೆಯ ಜೊತೆಗೆ ಇನ್ನೊಂದು ಷರತ್ತನ್ನೂ ಸೇರಿಸಿ. ಪ್ಯಾಕೇಜನ್ನು ಬರೆಯದ ಒಬ್ಬರು, ಬರೆದವರನ್ನು ಏನೂ ಕೇಳದೆ, ಬರೀ ಹೆಲ್ಪ್ ಪೇಜು ಓದಿ ಒಂದು ಲೆಕ್ಕ ಮಾಡಿ ತೋರಿಸಲಿ. ಕೈಯಲ್ಲಿ ಮಾಡಿ ಗೊತ್ತಿರುವ ಲೆಕ್ಕವೇ ಆಗಲಿ: ಸಾವಿರಕ್ಕೆ ಹದಿನೈದು, 0.92, 0.99. ಇಂಥವರಿಗಾಗಿ ನೀವು ಹೊರಗೆ ಹುಡುಕಬೇಕಿಲ್ಲ. 1999ರಲ್ಲಿ ನಿಮ್ಮ ಸಂಸ್ಥೆ ರೂಪುಗೊಂಡಾಗ ಅದರಲ್ಲಿ ವಿಲೀನವಾದದ್ದೇ ಮದ್ರಾಸಿನ ವೈದ್ಯಕೀಯ ಸಂಖ್ಯಾಶಾಸ್ತ್ರ ಸಂಶೋಧನಾ ಸಂಸ್ಥೆ. ಅಂಕಿ ಬಲ್ಲವರು ಮನೆಯೊಳಗೇ ಇದ್ದಾರೆ. ಕ್ಷೇತ್ರ ಸಾಂಕ್ರಾಮಿಕಶಾಸ್ತ್ರದ ತರಬೇತಿಗೆಂದು ಜಿಲ್ಲೆಗಳ ಆರೋಗ್ಯಾಧಿಕಾರಿಗಳೂ ಅಯಪ್ಪಾಕ್ಕಂನ ನಿಮ್ಮ ಸಂಸ್ಥೆಗೆ ಬರುತ್ತಾರೆ. ಅವರಲ್ಲೊಬ್ಬರನ್ನು ಅರ್ಧ ಗಂಟೆ ಆ ಪುಟದ ಮುಂದೆ ಕೂರಿಸಿ, ಅವರು ಎಲ್ಲಿ ತಡವರಿಸುತ್ತಾರೆ ಎಂದು ಪಕ್ಕದಲ್ಲಿ ನಿಂತು ಬರೆದುಕೊಳ್ಳಲು ಹೇಳಿ. ತಡವರಿಸಿದ ಜಾಗಕ್ಕೆ ಚೆಕ್ ಯಾವ ವಾರ್ನಿಂಗನ್ನೂ ಕೊಟ್ಟಿರುವುದಿಲ್ಲ.

ಇಂತಿ,
ಚೆನ್ನೈನ ಒಬ್ಬ ಕನ್ನಡಿಗ