ಪೋಷಣಾ ನೀತಿಯಲ್ಲಿ ಆಹಾರ ಪರೀಕ್ಷೆ ಕಡ್ಡಾಯವಾಗಬೇಕೆ?

ಭಾರತದ ಪೋಷಣಾ ಯೋಜನೆಗಳು ಎಷ್ಟು ಜನರಿಗೆ ಎಷ್ಟು ಆಹಾರ ತಲುಪಿತು ಎಂಬ ಲೆಕ್ಕವನ್ನೇ ಮುಖ್ಯವಾಗಿ ಇಡುತ್ತ ಬಂದಿವೆ. ಆ ಆಹಾರದಲ್ಲಿ ಇರಬೇಕಾದ ಸತ್ವ ಇದೆಯೇ, ಇರಬಾರದ್ದು ಸೇರಿದೆಯೇ ಎಂದು ನಿರಂತರವಾಗಿ ಪರೀಕ್ಷಿಸುವ ಗುಣಮಟ್ಟದ ನಿಗಾವನ್ನು ನೀತಿಯ ಕಡ್ಡಾಯ ಅಂಗವಾಗಿಸಬೇಕೆ ಎಂಬುದು ಇಲ್ಲಿನ ಪ್ರಶ್ನೆ.

ಪರ

ನಿಗಾ ಕಡ್ಡಾಯವಾಗಬೇಕು ಎಂಬುದಕ್ಕೆ ಉಪ್ಪಿಗಿಂತ ಸ್ಪಷ್ಟವಾದ ಸಾಕ್ಷ್ಯ ಬೇಕಿಲ್ಲ. ಅಯೋಡಿನ್ ಕೊರತೆಯಿಂದ ಗಳಗಂಡ, ಅಂದರೆ ಕುತ್ತಿಗೆಯ ಥೈರಾಯ್ಡ್ ಗ್ರಂಥಿ ಊದಿಕೊಳ್ಳುವ ಕಾಯಿಲೆ ಬರುವುದಲ್ಲದೆ, ಗರ್ಭದಲ್ಲಿರುವ ಶಿಶುವಿನ ಮಿದುಳಿನ ಬೆಳವಣಿಗೆಯೂ ಕುಂಠಿತಗೊಳ್ಳುತ್ತದೆ. ಇದನ್ನು ತಡೆಯಲು 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮ ಆರಂಭವಾಯಿತು. 2000ದಲ್ಲಿ ತೆರವಾಗಿದ್ದ, ಅಯೋಡಿನ್ ಇಲ್ಲದ ಉಪ್ಪಿನ ಮಾರಾಟದ ಮೇಲಿನ ನಿಷೇಧ 2006ರಲ್ಲಿ ಮರಳಿ ಜಾರಿಗೆ ಬಂತು. ಆದರೆ ಬಳಕೆದಾರರ ಕೈಸೇರುವ ಒಂದು ಕಿಲೋ ಉಪ್ಪಿನಲ್ಲಿ ಕನಿಷ್ಠ 15 ಮಿಲಿಗ್ರಾಂ ಅಯೋಡಿನ್ ಇರಬೇಕೆಂಬ ಮಾನದಂಡವು ಕಾರ್ಖಾನೆಯಲ್ಲಿ ಪಾಲನೆಯಾದರೂ, ಬಾಯಿ ಬಿಚ್ಚಿದ ಚೀಲವು ಮಳೆಗಾಲದ ತೇವದಲ್ಲಿ ಅಂಗಡಿಯ ಮುಂದೆ ಕುಳಿತರೆ ಅಯೋಡಿನ್ ಕ್ಷೀಣಿಸುತ್ತ ಹೋಗುತ್ತದೆ. ಸ್ಥಳದಲ್ಲೇ ಉಪ್ಪು ಪರೀಕ್ಷಿಸುವ ಕಿಟ್‌ನ ಪಿಷ್ಟದ್ರಾವಣದ ಒಂದು ಹನಿ ಬಿದ್ದೊಡನೆ ಉಪ್ಪು ನೀಲಿಯಾದರೆ ಅಯೋಡಿನ್ ಇದೆಯೆಂದು ತಿಳಿಯುತ್ತದೆಯೇ ಹೊರತು ಸಾಕಷ್ಟಿದೆಯೆಂದು ಖಚಿತವಾಗುವುದಿಲ್ಲ. ಅದಕ್ಕೆ ಪ್ರಯೋಗಾಲಯವೇ ಬೇಕು. ಅಳೆಯದ ಸತ್ವವನ್ನು ಹಂಚಿದೆವೆಂದು ಹೇಳಿಕೊಳ್ಳುವ ಹಕ್ಕು ಯಾವ ಸರ್ಕಾರಕ್ಕೂ ಇಲ್ಲ. ಇರಬಾರದ್ದು ಸೇರಿದರಂತೂ ಪ್ರಾಣಕ್ಕೇ ಅಪಾಯ: 2013ರ ಜುಲೈನಲ್ಲಿ ಬಿಹಾರದ ಸಾರಣ್ ಜಿಲ್ಲೆಯ ಶಾಲೆಯೊಂದರಲ್ಲಿ ಕೀಟನಾಶಕ ಬೆರೆತ ಬಿಸಿಯೂಟ ಉಂಡು 23 ಮಕ್ಕಳು ಸತ್ತರು. ಬಿಸಿಯೂಟಕ್ಕೆ ಪ್ರಯೋಗಾಲಯದ ಪರೀಕ್ಷೆಯನ್ನು ವಿಧಿಸಿದ ಕೇಂದ್ರದ ನಿಯಮಗಳು ಬಂದದ್ದು 2015ರಲ್ಲಿ.

ವಿರೋಧ

ನಿಗಾ ಅಳೆಯುವುದು ಮಾನದಂಡದ ಪಟ್ಟಿಯಲ್ಲಿರುವುದನ್ನು ಮಾತ್ರ. ನೂರು ಕಾಳಿಗೆ ಒಂದರಂತೆ ಕಬ್ಬಿಣ, ಫೋಲಿಕ್ ಆಮ್ಲ, ಬಿ12 ಸೇರಿಸಿದ ಕಾಳನ್ನು ಬೆರೆಸಿ ಸಿದ್ಧವಾಗುವ ಸಾರವರ್ಧಿತ ಅಕ್ಕಿಯು ಪರೀಕ್ಷೆಯಲ್ಲಿ ತೇರ್ಗಡೆಯಾದರೂ, ಪಕ್ಕದಲ್ಲಿ ಬೇಳೆ, ಸೊಪ್ಪು, ಮೊಟ್ಟೆ ಇಲ್ಲದ ತಟ್ಟೆ ಬಡವಾಗಿಯೇ ಉಳಿಯುತ್ತದೆ. ಪರೀಕ್ಷೆಯ ಷರತ್ತುಗಳು ಬಿಗಿಯಾದಷ್ಟೂ ಅವನ್ನು ಪೂರೈಸಬಲ್ಲವರು ದೊಡ್ಡ ಕಾರ್ಖಾನೆಗಳೇ ಆಗಿ, ಸ್ಥಳೀಯ ಮಹಿಳಾ ಸಂಘಗಳು ಹೊರಗುಳಿಯುತ್ತವೆ. ಅಂಗನವಾಡಿ ಆಹಾರದ ಪೂರೈಕೆಗೆ ಗುತ್ತಿಗೆದಾರರು ಬೇಡವೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಆದೇಶಿಸಿದ್ದರ ಆಶಯಕ್ಕೆ ಇದು ವಿರುದ್ಧ. ಈ ಪಕ್ಷದ ಅತ್ಯಂತ ತೂಕದ ಮಾತು ಸಾರಣ್ ದುರಂತದ ಕುರಿತೇ ಇದೆ. ಎಣ್ಣೆ ಸರಿಯಿಲ್ಲವೆಂಬ ಅನುಮಾನ ಅಡುಗೆಯವರಿಗೇ ಬಂದಿತ್ತೆಂದು ಆಗ ವರದಿಯಾಗಿತ್ತು. ಮಾದರಿ ಪ್ರಯೋಗಾಲಯಕ್ಕೆ ಹೋಗಿ ವರದಿ ಬರುವ ಹೊತ್ತಿಗೆ ಊಟ ಮುಗಿದಿರುತ್ತದೆ. ಆದ್ದರಿಂದ ಗೌರವಧನಕ್ಕೆ ದುಡಿಯುವ ಅಡುಗೆಯ ಮಹಿಳೆಯರ ಮೇಲೆ ಇನ್ನಷ್ಟು ದಾಖಲೆಪುಸ್ತಕಗಳನ್ನು ಹೇರುವ ಬದಲು, ಅನುಮಾನ ಬಂದ ಪದಾರ್ಥವನ್ನು ಯಾರನ್ನೂ ಕೇಳದೆ ಚೆಲ್ಲುವ ಅಧಿಕಾರವನ್ನು ಲಿಖಿತವಾಗಿ ಕೊಡಬೇಕು ಎಂಬುದು ಅವರ ಬೇಡಿಕೆ.